ಒಂದು ಡಿಎನ್‌ಎ, 30 ಮುಖ

ಅಗಿದು ಉಗುಳಿದ ಚ್ಯೂಯಿಂಗ್ ಗಮ್, ಸೇದಿ ಎಸೆದ ಸಿಗರೇಟಿನ ತುಂಡು, ಉದುರಿದ ಕೂದಲು – ಇವನ್ನೆಲ್ಲ ನ್ಯೂಯಾರ್ಕಿನಲ್ಲಿ ಹೆಕ್ಕಿ, ಅವುಗಳ ಡಿಎನ್‌ಎಯಿಂದ ಅಪರಿಚಿತರ ಮುಖಗಳನ್ನು ರೂಪಿಸಿದವರು ಅಮೆರಿಕದ ಕಲಾವಿದೆ ಹೆದರ್ ಡ್ಯೂಯಿ-ಹ್ಯಾಗ್‌ಬೋರ್ಗ್. 2012-13ರ ಆ ಕೃತಿಯ ಹೆಸರು ‘ಸ್ಟ್ರೇಂಜರ್ ವಿಷನ್ಸ್’. ಚಿತ್ರಗಳಲ್ಲಿ ನೋಡಿದರೂ ಮೈ ಜುಮ್ಮೆನ್ನುತ್ತದೆ. ಆದರೆ ವೈದ್ಯವೃತ್ತಿಯಲ್ಲಿರುವ ನಮಗೆ ಹೆಚ್ಚು ಹಿಡಿಸಿದ್ದು ಅವರ 2017ರ ‘ಪ್ರಾಬಬ್ಲಿ ಚೆಲ್ಸಿ’. ಸೆರೆಮನೆಯಿಂದ ಚೆಲ್ಸಿ ಮ್ಯಾನಿಂಗ್ ಕಳಿಸಿದ ಡಿಎನ್‌ಎ ಒಂದೇ; ಅದರಿಂದ ಮೂಡಿದ ಮುಖಗಳು 30. ಒಂದರಂತೆ ಇನ್ನೊಂದಿಲ್ಲ. ಮೊದಲ ಕೃತಿ ನೋಡುವವರನ್ನು ನಂಬಿಸಿಬಿಡುತ್ತದೆ. ಇದು ಆ ನಂಬಿಕೆಯನ್ನೇ ಅಲ್ಲಾಡಿಸುತ್ತದೆ. ಕಲೆಯಾಗಿಯೂ ಇದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಮುಖಚಹರೆ ವಂಶವಾಹಿಯಲ್ಲಿದೆ ಎಂಬುದಕ್ಕೆ ತದ್ರೂಪಿ ಅವಳಿಗಳೇ ಸಾಕ್ಷಿ. ಆದರೆ ಇರುವುದು ಬೇರೆ, ಓದಲು ಬರುವುದು ಬೇರೆ. ಕಣ್ಣು ನೀಲಿಯೋ ಕಂದೋ ಎಂದು ಹೇಳಲು ಡಿಎನ್‌ಎಯ 6 ಗುರುತುಗಳು ಸಾಕು. ಮೂಗು, ದವಡೆಗಳ ವಿಷಯದಲ್ಲಿ ಹಾಗಲ್ಲ. ಅನೇಕಾನೇಕ ಜೀನುಗಳು, ಒಂದೊಂದರ ಪ್ರಭಾವವೂ ಎಳ್ಳಷ್ಟು. ಹೀಗಾಗಿ ಯಂತ್ರವು ಲಿಂಗ ಮತ್ತು ಪೂರ್ವಜರ ಮೂಲವನ್ನು ಹಿಡಿದು, ತಾನು ಕಲಿತ ಮುಖಗಳ ಸರಾಸರಿಯನ್ನು ಮುಂದಿಡುತ್ತದೆ. (ನಾಮಕರಣಕ್ಕೆ ಬಂದು “ಥೇಟ್ ತಾತನ ಮೂಗು” ಎನ್ನುವ ಅಜ್ಜಿಯರೇ ವಾಸಿ!) ಕ್ರೇಗ್ ವೆಂಟರ್ ತಂಡವು 2017ರಲ್ಲಿ 1,061 ಜನರ ಜೀನೋಮ್ ಹಿಡಿದು, ವ್ಯಕ್ತಿಗಳನ್ನು ಹೀಗೆ ಗುರುತಿಸಬಹುದೆಂದು ಪ್ರಕಟಿಸಿತು. ವಯಸ್ಸು, ಲಿಂಗ, ಜನಾಂಗ ತಿಳಿದರೆ ಹೆಚ್ಚುಕಡಿಮೆ ಅಷ್ಟೇ ಫಲ ಬರುತ್ತದೆಂದು ಯಾನಿವ್ ಅರ್ಲಿಕ್ ಕೂಡಲೇ ತೋರಿಸಿಕೊಟ್ಟರು.

ಇದು ನಮಗೇಕೆ ಎನ್ನಬಹುದು. ಗುರುತು ಸಿಗದವರ ಲಿಂಗ, ಮೂಲ, ಕಣ್ಣಿನ ಬಣ್ಣವನ್ನು ಡಿಎನ್‌ಎಯಿಂದ ಊಹಿಸುವುದಾಗಿ ಆಸ್ಟ್ರೇಲಿಯಾದ ಫೆಡರಲ್ ಪೊಲೀಸರು 2021ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಹೆಸರಿಲ್ಲದ ಅಸ್ಥಿಗೆ ಅದರ ಮನೆಯವರು ಸಿಗುವುದಾದರೆ ನಮ್ಮ ತಕರಾರಿಲ್ಲ. ಅಪರಾಧಿಯನ್ನು ಹುಡುಕುವಾಗ ಮಾತ್ರ ಯೋಚಿಸಬೇಕು. ಕಂದು ಕಣ್ಣು, ದಕ್ಷಿಣ ಏಷ್ಯಾ ಮೂಲ ಎಂದರೆ ನಮ್ಮ ದಿ ಪಾಂಡ್ಸ್‌ನಲ್ಲಿ ಸಂಜೆ ವಾಕಿಂಗ್ ಹೊರಟ ನಮ್ಮವರಲ್ಲಿ ಯಾರನ್ನು ಬಿಡುವುದು? ಮೆಲ್ಬರ್ನಿನ ಬಂಧುಗಳ ಪಾಡೂ ಅದೇ.

ಕೆನಡಾದ ಎಡ್ಮಂಟನ್ ಪೊಲೀಸರು 2022ರ ಅಕ್ಟೋಬರಿನಲ್ಲಿ, ಪ್ಯಾರಾಬಾನ್ ಕಂಪನಿ ಡಿಎನ್‌ಎಯಿಂದ ಬರೆದುಕೊಟ್ಟ ಕಪ್ಪು ಯುವಕನೊಬ್ಬನ ಮುಖವನ್ನು ಪ್ರಕಟಿಸಿ, ಟೀಕೆ ಬಂದ ಮೇಲೆ ಎರಡೇ ದಿನದಲ್ಲಿ ಹಿಂತೆಗೆದುಕೊಂಡು ಕ್ಷಮೆ ಕೇಳಿದರು. ಆ ಎರಡು ದಿನ ಅಲ್ಲಿನ ಕಪ್ಪು ಹುಡುಗರು ಬಸ್ಸಿನಲ್ಲಿ, ಅಂಗಡಿಯಲ್ಲಿ ಎದುರಿಸಿರಬಹುದಾದ ನೋಟಗಳನ್ನು ನೆನೆಯಿರಿ. ಆ ಜಾಗದಲ್ಲಿ ನಮ್ಮ ಮಕ್ಕಳನ್ನು ಇಟ್ಟು ನೋಡಿ. ಇಲ್ಲಿಯೂ ಎಂದಾದರೂ ಅಂಥ ಚಿತ್ರ ಹೊರಬರುವುದಾದರೆ, ಒಂದನ್ನಲ್ಲ, 30 ಮುಖಗಳನ್ನೂ ಒಟ್ಟಿಗೇ ಅಂಟಿಸಿರೆಂದು ಪೊಲೀಸರನ್ನು ನಾವು ಕೇಳಬೇಕಾಗುತ್ತದೆ.