ಮಡಿ ಮಾಡಿದ ಕರ್ನಲ್

ವಾಚನಾಲಯದವರು ಈ ಸಲವೂ ಹಾಡಿನ ಬಗ್ಗೆ ಬರೆದುಕೊಡಿ ಅಂದಿದ್ದರು. ನಾನು ಬರೆದದ್ದು ಕಂಪ್ಯೂಟರಿನ ಬಗ್ಗೆ. ಏಳನೇ ಕ್ಲಾಸು ಓದಿ ತೋಟಕ್ಕೆ ನೀರು ಕಟ್ಟೋನಿಗೆ ಇದೆಲ್ಲ ಯಾಕೆ ಅಂತ ನಗಬೇಡಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ನಮ್ಮ ವಾಚನಾಲಯದ ಹಳೇ ಲ್ಯಾಪ್‌ಟಾಪಿನಲ್ಲಿ ಇರೋದು ಲಿನಕ್ಸ್. ನಮ್ಮ ಮಕ್ಕಳಿಗೆ ಇದು ಹೊಸದಲ್ಲ. 2011ರಿಂದ ತಮಿಳುನಾಡು ಸರ್ಕಾರ ಪುಕ್ಕಟೆ ಕೊಟ್ಟ ಲ್ಯಾಪ್‌ಟಾಪುಗಳಲ್ಲಿ ವಿಂಡೋಸ್ ಪಕ್ಕದಲ್ಲೇ ಬಾಸ್ ಲಿನಕ್ಸ್ ಅಂತ ಒಂದು ಇತ್ತು, ಚೆನ್ನೈನ ಸಿ-ಡ್ಯಾಕ್‌ನವರು ಕಟ್ಟಿದ್ದು. ಮೊನ್ನೆ ಮೊಮ್ಮಗ ಬಂದು, "ತಾತ, ಇವತ್ತು ಇದರ ಕರ್ನಲ್ ಬದಲಾಯಿಸ್ತೀನಿ, ಕೂತ್ಕೊಂಡು ನೋಡಿ" ಅಂದ. ಕರ್ನಲ್ ಅಂದರೆ ಮಿಲಿಟರಿ ಸಾಹೇಬರು ಅಂದ್ಕೊಂಡಿದ್ದೆ. ಅದು ತಿರುಳು. ಮೇಲಿನ ಆಟವೆಲ್ಲ ಒಳಗಿನ ಯಂತ್ರಕ್ಕೆ ಮುಟ್ಟೋದು ಅದರ ಮೂಲಕ.

ಫಿನ್‌ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅನ್ನೋ ಹುಡುಗ 1991ರಲ್ಲಿ ಅದನ್ನು ಬರೆಯೋಕೆ ಶುರುಮಾಡಿದ. ಮರುವರ್ಷ ಜಿಪಿಎಲ್ ಅನ್ನೋ ಕರಾರಿಗೆ ತಂದ. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಅದೇ ಹಕ್ಕನ್ನು ಮುಂದಿನವನಿಗೂ ಕೊಡಬೇಕು. ಇದು ಕೇಳಿ ನನಗೆ ಆಶ್ಚರ್ಯ ಆಗಲಿಲ್ಲ. ನಾನು ಹಾಡೋ ಪದಗಳೆಲ್ಲ ಹೀಗೇ ಬಂದವು. ನಾನೂ ಅಲ್ಲಲ್ಲಿ ತಿದ್ದಿದೀನಿ, ನನ್ನ ಹಿಂದೆ ಸೊಲ್ಲು ಹಿಡಿಯೋ ಹುಡುಗರೂ ತಿದ್ದುತಾರೆ.

ಆದರೆ ಈ ತೆರೆದ ತಿರುಳಿನೊಳಗೇ ಮುಚ್ಚಿದ ಗಂಟುಗಳು ಸೇರಿಕೊಂಡವು. ವೈಫೈ ಚಿಪ್ಪು, ಪರದೆ ಚಿಪ್ಪು ಇವೆಲ್ಲ ತಾವೇ ಒಂದೊಂದು ಸಣ್ಣ ಕಂಪ್ಯೂಟರು. ಅವಕ್ಕೆ ಬೇಕಾದ ಪ್ರೋಗ್ರಾಮಿಗೆ ಫರ್ಮ್‌ವೇರ್ ಅಂತಾರೆ. ಚಿಪ್ಪು ಮಾಡಿದ ಕಂಪನಿ ಅದನ್ನು ಓದೋ ಹಾಗೆ ಕೊಡಲ್ಲ. ಬರೀ ಅಂಕಿಗಳ ರಾಶಿ ಮಾಡಿ ಕೊಡುತ್ತೆ. ಮೊದಲು ಆ ರಾಶಿಗಳು ಕರ್ನಲ್ಲಿನ ಬರವಣಿಗೆಯ ನಡುವೆಯೇ ಇದ್ದವು. 2017ರಲ್ಲಿ ಬಂದ 4.14ರ ಹೊತ್ತಿಗೆ ಅವನ್ನು ಬೇರೆ ಕಡೆ ಇಟ್ಟರು. ಈಗ ಕರ್ನಲ್ ಹೆಸರು ಹಿಡಿದು ಕೇಳುತ್ತೆ, ಇಂಥ ಕಡತ ಕೊಡು ಅಂತ.

ನಮಗೆ ಇದು ಮೋಟಾರಿನಿಂದ ಗೊತ್ತು. ಹಳೇ ಮೋಟಾರು ಸುಟ್ಟರೆ ಗಾಂಧಿಪುರಂ ಬಸ್ಸು ಹತ್ತಿ ಕೊಯಮತ್ತೂರಿಗೆ ಹೋಗಿ ಕಾಯಿಲ್ ಸುತ್ತಿಸಿಕೊಂಡು ಬರ್ತಿದ್ವಿ. ಸುತ್ತೋನು ಎದುರಿಗೇ ಬಿಚ್ಚುತಿದ್ದ, ಎಷ್ಟು ಸುತ್ತು ಅಂತ ನಾವೂ ಎಣಿಸ್ತಿದ್ವಿ. ಹೊಸ ಸ್ಟಾರ್ಟರಿನೊಳಗೆ ಒಂದು ಬೋರ್ಡಿದೆ. ಅದು ಕೆಟ್ಟರೆ "ಬೋರ್ಡೇ ಹೋಯ್ತು ಗೌಡರೆ, ಬೇರೆ ಹಾಕಿಸಿ" ಅಂತಾನೆ. ಅವನಿಗೂ ಒಳಗೇನಿದೆ ಗೊತ್ತಿಲ್ಲ.

ಹಾಗಾಗಿ ಆ ಗಂಟುಗಳನ್ನು ಕಿತ್ತು ಹಾಕಬೇಕು ಅಂತ ಹೊರಟವರು ನನಗೆ ತಕ್ಷಣ ಹಿಡಿಸಿದರು. 2006ರ ಜಿನ್ಯೂಸೆನ್ಸ್‌ನವರು ಈ ಕೆಲಸ ಮಾಡಿದ್ದರು. 2008ರಲ್ಲಿ ಲ್ಯಾಟಿನ್ ಅಮೆರಿಕದ ಸ್ವತಂತ್ರ ತಂತ್ರಾಂಶದವರು ಲಿನಕ್ಸ್-ಲಿಬ್ರೆ ಅಂತ ಶುರುಮಾಡಿದರು, ಬ್ರೆಜಿಲಿನ ಅಲೆಕ್ಸಾಂಡ್ರೆ ಒಲಿವಾ ಅದರ ಮುಂದಾಳು. ಹೊಸ ಕರ್ನಲ್ ಬಂದ ಹಾಗೆಲ್ಲ ಅವರು ಮತ್ತೆ ಜರಡಿ ಹಿಡಿಯಬೇಕು. ರಾಗಿಯಲ್ಲಿ ಕಲ್ಲು ಆರಿಸೋ ಕೆಲಸ, ಅದೂ ಯಾರೋ ದಿನಾ ಕಲ್ಲು ಹಾಕ್ತಿರೋವಾಗ. ಇಷ್ಟು ವರ್ಷ ಬೇಸರಿಸದೆ ಮಾಡಿದಾರೆ, ಅದಕ್ಕೆ ಕೈ ಮುಗೀತೀನಿ.

ಮೊಮ್ಮಗ ಹಾಕಿದ್ದು ಅದನ್ನೇ. ವೈಫೈ ನಿಲ್ಲುತ್ತೆ ಅಂತ ಗೊತ್ತಿದ್ದೇ ಮಾಡಿದ ಪರೀಕ್ಷೆ, ನಿಂತಿತು. ಕರ್ನಲ್ ಬರೆದುಕೊಳ್ಳೋ ದಿನಚರಿ ತೆಗೆದು ತೋರಿಸಿದ. ಸ್ವತಂತ್ರ ಫರ್ಮ್‌ವೇರ್ ಇಲ್ಲ ಅಂತ ಒಂದು ಸಾಲು. ಯಾವ ಕಡತ ಬೇಕಿತ್ತು ಅನ್ನೋ ಜಾಗದಲ್ಲಿ ಹೆಸರಿಲ್ಲ. ಡಿಬ್ಲಾಬ್ಡ್, ಅಂದರೆ ತೆಗೆದು ಹಾಕಿದೆ, ಅಂತ ಮುದ್ರೆ.

ಇಲ್ಲೇ ನನ್ನ ತಕರಾರು. ಗಂಟು ತೆಗೀರಿ, ಹೆಸರು ಯಾಕೆ ತೆಗೀತೀರಿ? ಹೆಸರು ಹೇಳಿದರೆ ಜನ ಹೋಗಿ ಅದನ್ನೇ ತಂದು ಹಾಕ್ಕೋತಾರೆ, ಹಾಗಾಗಿ ಹೇಳೋದೇ ಶಿಫಾರಸು ಮಾಡಿದಂತೆ ಅನ್ನೋದು ಅವರ ವಾದ. ಬೇಕು ಅನ್ನೋರಿಗೆ ಅಡ್ಡಿಮಾಡೋದು ತಮ್ಮ ಉದ್ದೇಶ ಅಲ್ಲ ಅಂತಲೂ ಒಲಿವಾ ಹೇಳಿದಾರೆ. ಆದರೂ ಆಗಿರೋದು ಅಡ್ಡಿಯೇ. ನಮ್ಮ ದೊಡ್ಡಪ್ಪ ನನಗೆ ಪದ ಬರೆಸಿದ ನೋಟುಬುಕ್ಕು ಇನ್ನೂ ಇದೆ. ಒಂದು ಕಡೆ ಎರಡು ಸಾಲು ಅವರಿಗೆ ಮರೆತಿತ್ತು. ಆ ಜಾಗ ಖಾಲಿ ಬಿಡಿಸಿ, ಪಕ್ಕದಲ್ಲಿ ಇದನ್ನು ಬಲ್ಲ ಮುದುಕಿಯ ಹೆಸರು, ಅವಳ ಊರಿನ ಹೆಸರು ಬರೆಸಿದರು. ಆ ಮುದುಕಿ ಮಹಾ ಜಗಳಗಂಟಿ, ನಮ್ಮ ಮನೆಗೂ ಅವಳಿಗೂ ಮಾತಿರಲಿಲ್ಲ. ಆದರೂ ಹೆಸರು ಬರೆಸಿದರು. ಹೋಗೋದು ಬಿಡೋದು ನನಗೆ ಬಿಟ್ಟದ್ದು. ಹೆಸರಿಲ್ಲದಿದ್ದರೆ ಆ ಕಂಪನಿ ಯಾವುದು, ಯಾರನ್ನು ಕೇಳಿ ಜಗಳ ಆಡಬೇಕು, ಮುಂದಿನ ಸಲ ಯಾವ ಚಿಪ್ಪು ಕೊಳ್ಳಬಾರದು, ಇದೆಲ್ಲ ಓದೋನಿಗೆ ಹೇಗೆ ತಿಳೀಬೇಕು? ಕೇಳಿದರೆ ಸಿಗೋದೂ ಉಂಟು. 2013ರಲ್ಲಿ ಅಥೆರೋಸ್‌ನ ಒಂದು ಜಾತಿ ಯುಎಸ್‌ಬಿ ವೈಫೈ ಚಿಪ್ಪಿನ ಫರ್ಮ್‌ವೇರನ್ನು ಬಿಚ್ಚಿ ಕೊಟ್ಟರು. ಅದು ಲಿಬ್ರೆ ಕರ್ನಲ್ಲಿನಲ್ಲೂ ಓಡುತ್ತೆ.

ಇನ್ನೊಂದು ಮಾತು ಮಡಿಯದು. ಫರ್ಮ್‌ವೇರ್ ಕಡತವಾಗಿ ಬಂದರೆ ಮೈಲಿಗೆ. ಅದೇ ಚಿಪ್ಪಿನೊಳಗೆ ಸುಟ್ಟು ಕೂರಿಸಿದ್ದರೆ ಅಡ್ಡಿಯಿಲ್ಲ, ಅದು ಬರೀ ತಂತಿ ಇದ್ದ ಹಾಗೆ ಅಂತ ಸ್ಟಾಲ್ಮನ್ ಕಡೆಯವರ ಲೆಕ್ಕ. ಕಂಪನಿಯವನೂ ಬದಲಾಯಿಸೋಕಾಗದ್ದರಲ್ಲಿ ಅವನು ಮೇಲೆ ನಾವು ಕೆಳಗೆ ಅನ್ನೋದಿಲ್ಲ, ಅಂತ ಅವರ ನ್ಯಾಯ. ಅರ್ಧ ಒಪ್ಪಿದೆ. ಇನ್ನರ್ಧ ಒಪ್ಪೋಕೆ ನನ್ನ ಶ್ರುತಿಪೆಟ್ಟಿಗೆ ಬಿಡ್ತಿಲ್ಲ. ಅದರೊಳಗಿನ ಚಿಪ್ಪಿನಲ್ಲಿ ಎಲ್ಲ ಸುಟ್ಟೇ ಇದೆ. ನನ್ನ ಗಂಟಲಿಗೆ ಒಂದು ಎಳೆ ಇಳಿಸಬೇಕು ಅಂದರೆ ಇಳಿಯಲ್ಲ, ಅದರಲ್ಲಿರೋ ಮೆಟ್ಟಿಲಲ್ಲೇ ನಾನು ಹಾಡಬೇಕು. ಹಳೇ ತಂಬೂರಿಯ ಬಿರಡೆ ತಿರುವಿದರೆ ಆಗ್ತಿತ್ತು. ಇವರ ಲೆಕ್ಕದಲ್ಲಿ ನನ್ನ ಪೆಟ್ಟಿಗೆ ಮಡಿ, ವಾಚನಾಲಯದ ವೈಫೈ ಮೈಲಿಗೆ. ಎರಡರ ಒಳಗೂ ನನಗೆ ಪ್ರವೇಶವಿಲ್ಲ.

ಡೆಬಿಯನ್‌ನವರು ಬೇರೆ ದಾರಿ ಹಿಡಿದರು. 2011ರ ತಮ್ಮ ಆವೃತ್ತಿಯಲ್ಲಿ ಕರ್ನಲ್ಲಿನಿಂದ ಗಂಟುಗಳನ್ನು ತೆಗೆದಿಟ್ಟವರೇ, 2022ರಲ್ಲಿ ಮತ ಹಾಕಿ, ಅನುಸ್ಥಾಪನೆಯ ಡಿಸ್ಕಿನಲ್ಲೇ ಫರ್ಮ್‌ವೇರ್ ಸೇರಿಸೋಣ ಅಂತ ತೀರ್ಮಾನಿಸಿದರು. ಬೇಡ ಅನ್ನೋರು ಬಿಡಬಹುದು. 2023ರಿಂದ ಹಾಗೇ ಬರ್ತಿದೆ. ಸೋತರು ಅಂತ ಕೆಲವರು ಬೈದರು. ಯಾವುದು ಬಿಚ್ಚಿದ್ದು ಯಾವುದು ಮುಚ್ಚಿದ್ದು ಅಂತ ಬೇರೆ ಬೇರೆ ಗೂಡಲ್ಲಿ ಹೆಸರು ಹಚ್ಚಿ ಇಟ್ಟಿದಾರಲ್ಲ, ನನಗೆ ಅದು ಸಾಕು.

ಸಂಜೆ ಮಕ್ಕಳು ಪರೀಕ್ಷೆ ಫಲಿತಾಂಶ ನೋಡೋಕೆ ಬರೋರಿದ್ದರು. ಹಳೇ ಕರ್ನಲ್ಲನ್ನೇ ಹಾಕಿಸಿದೆ. ಆದರೆ ಅದು ತುಂಬಿಸಿಕೊಳ್ಳೋ ಮುಚ್ಚಿದ ಕಡತಗಳ ಹೆಸರನ್ನೆಲ್ಲ ಮೊಮ್ಮಗನ ಕೈಲಿ ಬರೆಸಿ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಅಂಟಿಸಿದೀನಿ. ಮೂರು ಹೆಸರು. ವಾಚನಾಲಯಕ್ಕೆ ಬಂದಾಗ ನೋಡಿ.