ವಸ್ತುಸಂಗ್ರಹಾಲಯ ಶಾಸ್ತ್ರದಲ್ಲಿ ಪ್ರಾಯೋಗಿಕ ಶಿಕ್ಷಣ: ಒಂದು ವಿಮರ್ಶೆ

ವಸ್ತುಸಂಗ್ರಹಾಲಯ ಶಾಸ್ತ್ರಕ್ಕೆ ಬರೋಡದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು 1952ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಿತು. ಈ ಶಾಸ್ತ್ರವನ್ನು ಗ್ರಂಥಮಾತ್ರದಿಂದ ಕಲಿಯಲಾಗದೆಂಬುದು ನಿರ್ವಿವಾದ. ವಿಚಾರಿಸಬೇಕಾದುದು, ವಿದ್ಯಾರ್ಥಿಯ ಕೈಗೆ ಎಂತಹ ಕೆಲಸ ಬರುತ್ತದೆಂಬುದನ್ನು. ಧೂಳು ಒರೆಸುವುದು, ಪ್ರೇಕ್ಷಕರಿಗೆ ದಾರಿ ತೋರುವುದು ಇವಿಷ್ಟೇ ಆದರೆ ಅದು ಹಾಜರಿಯೇ ಹೊರತು ಶಿಕ್ಷಣವಲ್ಲ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನವನ್ನು ಉದಾಹರಣೆಯಾಗಿ ನೋಡಬಹುದು. ಹತ್ತನೆಯ ಶತಮಾನದ ಈ ಕಲ್ಲು ತಕ್ಕೋಲದ ಯುದ್ಧಕ್ಕೆ ಸಾಕ್ಷಿ. ಕಾಡುಹಂದಿಯೊಡನೆ ಹೋರಾಡಿ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವೂ ಹೌದು. ಊರಿನ ಶಿವಾಲಯದ ಮುಂದೆ ಇದನ್ನು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜಿಸದೆ ಉಣ್ಣಬಾರದೆಂದು ಗೊರವನಿಗೆ ವಿಧಿಸಲಾಗಿತ್ತು.

ಇದಕ್ಕೆ ನಲವತ್ತು ಪದಗಳ ವಿವರಣಾ ಫಲಕವನ್ನು ಬರೆಯೆಂದರೆ ವಿದ್ಯಾರ್ಥಿ ಏನು ಮಾಡಬೇಕು? ಕಲ್ಲನ್ನು ಅಳೆಯಬೇಕು, ಅಕ್ಷರಗಳನ್ನು ಮುದ್ರಿತ ಪಾಠದೊಡನೆ ಹೋಲಿಸಬೇಕು, ದೊರೆತ ಸ್ಥಳವನ್ನು ದಾಖಲೆಯಲ್ಲಿ ಪರಿಶೀಲಿಸಬೇಕು. ಮೊದಲು ಹೇಳಬೇಕಾದುದು ಅರಸರ ಯುದ್ಧವೋ ನಾಯಿಯ ಮರಣವೋ ಎಂದು ನಿರ್ಧರಿಸಬೇಕು. ಈ ನಿರ್ಧಾರವೇ ಇತಿಹಾಸಜ್ಞಾನದ ಪರೀಕ್ಷೆ. ಪೂಜೆಯ ಸಂಗತಿಯನ್ನು ಕೈಬಿಟ್ಟರೆ ಆ ಕಲ್ಲು ಬರಿಯ ಶಿಲ್ಪವಾಗಿ ಉಳಿಯುತ್ತದೆ; ದೊರೆತ ಸ್ಥಳವನ್ನು ಬರೆಯದಿದ್ದರೆ ಮೂಕವಾಗುತ್ತದೆ.

ಅನನುಭವಿಗಳ ಕೈಯಲ್ಲಿ ವಸ್ತುಗಳು ಕೆಟ್ಟಾವೆಂಬ ಸಂಗ್ರಹಾಧಿಕಾರಿಗಳ ಅಂಜಿಕೆ ನಿರಾಧಾರವಲ್ಲ. ಆದರೆ ಮೇಲೆ ಹೇಳಿದ ಕೆಲಸಕ್ಕೆ ಅಳತೆಪಟ್ಟಿ, ಲೇಖನಿ, ತಾಳ್ಮೆ ಇವು ಸಾಕು. ಅಧ್ಯಾಪಕರೂ ಸಂಗ್ರಹಾಧಿಕಾರಿಗಳೂ ಕೂಡಿ ಪರೀಕ್ಷಿಸಿದ ಒಂದು ದಾಖಲೆ ವಿದ್ಯಾರ್ಥಿಯ ಹೆಸರಿನಲ್ಲಿ ಸಂಸ್ಥೆಯಲ್ಲಿ ಉಳಿಯಬೇಕು. ಅಷ್ಟಾದರೆ ಮಾತ್ರ ತರಬೇತಿಯೆಂಬ ಹೆಸರು ಸಾರ್ಥಕವಾದೀತು.