‘ಎರಡೂ ಸರಿ’ ಅನ್ನೋ ಪ್ರಬಂಧ

ಕೇಂಬ್ರಿಡ್ಜಿನ ಬಿ2 ಫಸ್ಟ್ ಇಂಗ್ಲಿಷ್ ಪರೀಕ್ಷೆಯ ಪ್ರಬಂಧಕ್ಕೆ 140ರಿಂದ 190 ಪದ. ಎರಡು ಅಂಶ ಅವರೇ ಕೊಡ್ತಾರೆ, ಮೂರನೆಯದು ನಿಮ್ಮದು. ಆ ಕಡೆ ಈ ಕಡೆ ತೂಗಿ, ಕಡೆಗೆ ನಿಮ್ಮ ಅಭಿಪ್ರಾಯ ಹೇಳಬೇಕು. ಗೈಡು ಉರು ಹೊಡೆದವರು ‘ಎರಡೂ ಸರಿ’ ಎಂದು ಮುಗಿಸುತ್ತಾರೆ. ನಾನೂ ಹಂಗೇ ಬರೆದವನೇ. ಇದು ಸಮತೋಲನವಲ್ಲ, ಪುಕ್ಕಲುತನ. ಹೊಡೆದವನನ್ನೂ ಹೊಡೆಸಿಕೊಂಡವನನ್ನೂ ಸಮ ಮಾಡಿ ಕಳಿಸುವ ಊರ ಪಂಚಾಯ್ತಿಯ ನ್ಯಾಯ.

ಅಂಬೇಡ್ಕರ್ 1936ರಲ್ಲಿ ‘ಜಾತಿ ವಿನಾಶ’ ಅಚ್ಚು ಹಾಕಿಸಿದರು. 1937ರ ಎರಡನೇ ಮುದ್ರಣದಲ್ಲಿ ಗಾಂಧಿಯ ಆಕ್ಷೇಪಣೆಯನ್ನೂ ಸೇರಿಸಿ, ಜೊತೆಗೆ ತಮ್ಮ ಉತ್ತರ ಇಟ್ಟರು. ಎದುರಾಳಿಯ ಮಾತನ್ನು ಮುಚ್ಚಲಿಲ್ಲ, ತಮ್ಮ ಮಾತನ್ನು ನುಂಗಲೂ ಇಲ್ಲ.

ಮೇಷ್ಟ್ರೇ, ಮಕ್ಕಳಿಗೆ ಇದನ್ನು ಕಲಿಸಿ. ಆ ಮೂರನೆಯ ಅಂಶದ ಜಾಗ ಖಾಲಿ ಐತೆ. ಅಲ್ಲಿ ನಮ್ಮ ಕೇರಿ ಇಂಗ್ಲಿಷಿನಲ್ಲೇ ಮಾತಾಡಲಿ.